ಒಂದೇ ತುರಿಕೆ, ಎರಡು ಕಾಯಿಲೆ

ಈ ವೇದಿಕೆಯಲ್ಲಿ ಅಡುಗೆ, ಹಾಡು, ಮಕ್ಕಳ ಓದು ಎಲ್ಲದರ ಬಗ್ಗೆಯೂ ಮಾತಾಡಿದ್ದೇವೆ. ಇವತ್ತು ನಾನು ತೊಡೆಸಂದಿನ ತುರಿಕೆಯ ಬಗ್ಗೆ ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ, ಆಮೇಲೆ ಕೇಳಿ. ನಾನು ವೈದ್ಯೆಯಲ್ಲ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದವಳು. ನನಗಾದದ್ದನ್ನು, ಚರ್ಮದ ಡಾಕ್ಟರಿಂದ ತಿಳಿದದ್ದನ್ನು ಹಂಚಿಕೊಳ್ಳುತ್ತೇನೆ.

ಪುಣೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಸ್ಕೂಟರಿನಲ್ಲಿ ನೆನೆದ ಜೀನ್ಸಿನಲ್ಲೇ ದಿನವಿಡೀ ಆಫೀಸಿನಲ್ಲಿ ಕೂರುತ್ತಿದ್ದೆ. ತೊಡೆಸಂದಿನಲ್ಲಿ ಒಣಗಿ ಹೊಟ್ಟು ಏಳುವ ಮಚ್ಚೆಯಾಯಿತು. ಯಾರಿಗೂ ಹೇಳಲಿಲ್ಲ. ಔಷಧಿ ಅಂಗಡಿಯಲ್ಲಿ ಮೆಲ್ಲಗೆ ಕೇಳಿ ಒಂದು ಕ್ರೀಮ್ ತಂದೆ. ಮೂರೇ ದಿನಕ್ಕೆ ತುರಿಕೆ ಮಾಯ! ಹಚ್ಚುವುದು ಬಿಟ್ಟರೆ ಮತ್ತೆ ಹಾಜರು. ನಾಲ್ಕು ತಿಂಗಳಲ್ಲಿ ಅದು ಸೊಂಟದವರೆಗೆ ಹಬ್ಬಿತು.

ಆಗ ಧಾರವಾಡದಿಂದ ಬಂದಿದ್ದ ಅಮ್ಮ ಒಂದು ಬೆಳಿಗ್ಗೆ, "ಬಾತ್‌ರೂಮಿನ ಆ ಟ್ಯೂಬು ಮುಗೀತಲ್ಲೇ, ಇನ್ನೊಂದು ತರ್ತೀಯೇನು?" ಎಂದರು. ಎದೆ ಧಸಕ್ಕೆಂದಿತು. ಅಮ್ಮನಿಗೆ ಎರಡು ವರ್ಷದಿಂದ ತುರಿಕೆಯಂತೆ. ಒಂದೇ ಮನೆಯಲ್ಲಿ ಇಬ್ಬರೂ ಮುಚ್ಚಿಟ್ಟಿದ್ದೆವು!

ಇಬ್ಬರೂ ಡಾಕ್ಟರ ಬಳಿ ಹೋದೆವು. ನನ್ನ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶಿಲೀಂಧ್ರ ಕಂಡಿತು. ಹಿರಿಯರು ಹುಳುಕಡ್ಡಿ, ಗಜಕರ್ಣ ಎನ್ನುವುದು ಇದನ್ನೇ. ಕ್ರೀಮಿನಲ್ಲಿ ಕ್ಲೊಬೆಟಸಾಲ್ ಎಂಬ ತೀಕ್ಷ್ಣ ಸ್ಟೀರಾಯ್ಡ್ ಇತ್ತು. ಅದು ಉರಿ, ತುರಿಕೆಯನ್ನು ಅಡಗಿಸುತ್ತದೆ. ಜೊತೆಗೆ ಚರ್ಮದ ರಕ್ಷಣೆಯನ್ನೂ ತಗ್ಗಿಸುತ್ತದೆ. ಶಿಲೀಂಧ್ರ ಆರಾಮವಾಗಿ ಹಬ್ಬುತ್ತದೆ. ಚರ್ಮ ತೆಳುವಾಗಿ ಬಿದ್ದ ಗೆರೆಗಳು ನನಗೆ ಹಾಗೇ ಉಳಿದಿವೆ. ಇಂಥ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಚೀಟಿಯಿಲ್ಲದೆ ಕೇಳಿದವಳು ನಾನೇ.

ಅಮ್ಮನದು ಬೇರೆಯೇ. ಮುಟ್ಟು ನಿಂತ ಮೇಲೆ ಹೆಚ್ಚಾಗಿ ಕಾಣುವ ಲೈಕನ್ ಸ್ಕ್ಲೆರೋಸಸ್: ಬಿಳಿಚಿದ, ಒಣಗಿದ, ತೆಳು ಚರ್ಮ. ಇದು ಅಂಟುರೋಗವಲ್ಲ. ಆದರೆ ಚಿಕಿತ್ಸೆಯಿಲ್ಲದೆ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರಿಗೂ ತಿರುಗಬಹುದು. ವಿಚಿತ್ರ ನೋಡಿ, ಇದಕ್ಕೆ ಮೊದಲ ಔಷಧಿ ಅದೇ ಕ್ಲೊಬೆಟಸಾಲ್, ಡಾಕ್ಟರ ನಿಗಾದಲ್ಲಿ, ಅಳತೆಯಲ್ಲಿ. ನನ್ನನ್ನು ಕೆಡಿಸಿದ್ದೇ ಅಮ್ಮನಿಗೆ ಮದ್ದು!

ಕಾರಣಗಳು ಇನ್ನೂ ಇವೆ. ಪ್ಯಾಡು, ಪರಿಮಳದ ಸೋಪು, ಕೂದಲು ತೆಗೆಯುವ ಕ್ರೀಮಿನ ಅಲರ್ಜಿ, ಬೆವರು, ಉಜ್ಜಾಟ, ಸೋರಿಯಾಸಿಸ್, ಬ್ಯಾಕ್ಟೀರಿಯಾದಿಂದಾಗುವ ಕಂದು ಮಚ್ಚೆ. ರಾತ್ರಿ ತುರಿಕೆ ಹೆಚ್ಚಾಗಿ, ಮನೆಯವರಿಗೂ ಬಂದರೆ ಕಜ್ಜಿ ಇರಬಹುದು. ಸೋಂಕು ಮತ್ತೆಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆಯನ್ನೂ ನೋಡಿಸಿ.

ಈಗ ಒದ್ದೆ ಬಟ್ಟೆಯಲ್ಲಿ ಕೂರುವುದಿಲ್ಲ. ಚೀಲದಲ್ಲಿ ಇನ್ನೊಂದು ಜೊತೆ ಇರುತ್ತದೆ. ಟವೆಲ್ಲು ನನ್ನದೇ ಬೇರೆ. ತುರಿಕೆ ನಿಂತರೂ ಡಾಕ್ಟರು ಹೇಳಿದಷ್ಟು ವಾರ ಔಷಧಿ ಮುಗಿಸಿದೆ.

ಇವತ್ತು ಮನೆಗೆ ಹೋಗಿ ಅಮ್ಮನಿಗೋ ಅತ್ತೆಗೋ ಒಂದು ಮಾತು ಕೇಳಿ: "ನಿಮಗೂ ಹೀಗೇನಾದರೂ ಇದೆಯಾ?" ಅವರಾಗಿಯೇ ಹೇಳಲಿಕ್ಕಿಲ್ಲ. ನಾನೂ ಹೇಳಿರಲಿಲ್ಲ.