ಸಾಲದ ಚಿಂತೆಗೆ ಫೋನಿನಲ್ಲಿ ಮದ್ದಿದೆಯೇ?

(ಹೋಬಳಿ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆ, ಸಾಲ, ಜಪ್ತಿ ಇವುಗಳ ಬಗ್ಗೆ ನಾನು ಮಾತಾಡುವುದನ್ನು ನೀವು ಬೇಕಾದಷ್ಟು ಸಲ ಕೇಳಿದ್ದೀರಿ. ಇವತ್ತು ನಿದ್ದೆಯ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಸಾಲಗಾರನ ಮನೆಯಲ್ಲಿ ಮೊದಲು ಜಪ್ತಿಯಾಗುವುದು ಜಮೀನಲ್ಲ, ನಿದ್ದೆ.

ಎರಡು ವರ್ಷದ ಹಿಂದೆ ನಾನು ಒಂದೂವರೆ ಎಕರೆ ಟೊಮೆಟೊ ಹಾಕಿದ್ದೆ. ಸಸಿ, ಕಡ್ಡಿ, ದಾರ, ಗೊಬ್ಬರ, ಔಷಧಿ, ಆಳು ಎಂದು ಕೈಯಲ್ಲಿದ್ದದ್ದೆಲ್ಲ ಮಣ್ಣಿಗೆ ಹೋಯಿತು. ಮಾರುಕಟ್ಟೆಗೆ ಹಾಕಿದರೆ ಬಾಕ್ಸಿಗೆ ಬಂದ ದುಡ್ಡು ಕೀಳುವ ಕೂಲಿಗೆ, ಗಾಡಿ ಬಾಡಿಗೆಗೆ, ಮಂಡಿ ಕಮಿಷನ್ನಿಗೆ ಸರಿಹೋಯಿತು. ಆಮೇಲೆ ಶುರುವಾಯಿತು ನೋಡಿ: ರಾತ್ರಿ ಎರಡು ಗಂಟೆಗೆ ಎಚ್ಚರವಾಗೋದು, ಎದೆ ಡವಡವ ಅನ್ನೋದು, ಅಂಗೈ ಬೆವರೋದು. ಸೊಸೈಟಿ ಸಾಲ, ಕೈಸಾಲ, ಮಗಳ ಫೀಸು ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂದು ನಿಲ್ಲೋವು. ಯಾರಿಗೂ ಹೇಳಲಿಲ್ಲ. ವೇದಿಕೆ ಮೇಲೆ ನಿಂತು ಧೈರ್ಯಗೆಡಬೇಡಿ ಎಂದು ನಿಮಗೆ ಹೇಳುವವನು ನಾನೇ ಅಲ್ಲವೇ? ಹೇಗೆ ಹೇಳಲಿ?

ಮಗ ಇದನ್ನು ಗಮನಿಸಿ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. "ಅಪ್ಪಾ, ಇದು ಮನಸ್ಸನ್ನ ಸಮಾಧಾನ ಮಾಡುತ್ತಂತೆ, ನೋಡು" ಅಂದ. ಅದೋ, ಬರೀ ಇಂಗ್ಲಿಷು. ಇವತ್ತು ನಿಮಗೆ ಹೇಗನ್ನಿಸುತ್ತಿದೆ ಎಂದು ಕೇಳಿ ಐದು ಮುಖದ ಚಿತ್ರ ತೋರಿಸಿತು. ಟೊಮೆಟೊವನ್ನು ರಸ್ತೆಗೆ ಸುರಿದು ಬಂದವನ ಮುಖ ಆ ಐದರಲ್ಲಿ ಇರಲಿಲ್ಲ. ಏಳು ದಿನ ಬಿಟ್ಟಿ, ಎಂಟನೆಯ ದಿನ ದುಡ್ಡು ಕಟ್ಟು ಅಂತ ಬಂತು. ಚಿಂತೆ ಕಳೆಯಲು ಬಂದದ್ದೂ ಬಾಕಿ ಚೀಟಿ ಹಿಡಿದುಕೊಂಡೇ ಬಂದಿತ್ತು.

ಹಾಗಂತ ಅದೆಲ್ಲಾ ಮೋಸ ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಎರಡು ಒಳ್ಳೆಯ ಸಂಗತಿ ಇದ್ದವು. ಒಂದು, ಉಸಿರು. ಮೂಗಿನಲ್ಲಿ ನಿಧಾನ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಬಿಡುವುದು. ಹತ್ತು ಸಲ ಮಾಡಿ, ಎದೆಬಡಿತ ತಹಬಂದಿಗೆ ಬರುತ್ತದೆ. ಎರಡು, ಬರೆಯುವುದು. "ನನ್ನ ಕಥೆ ಮುಗೀತು" ಎಂದು ಮನಸ್ಸು ಹೇಳಿದಾಗ, ಮುಗಿದದ್ದು ಏನು, ಉಳಿದದ್ದು ಏನು ಎಂದು ಬರೆಯಬೇಕು. ಯಾರಿಗೆ ಎಷ್ಟು ಕೊಡಬೇಕು, ಯಾವ ತಿಂಗಳು, ಯಾರ ಹತ್ತಿರ ಗಡುವು ಕೇಳಬಹುದು. ತಲೆಯಲ್ಲಿ ಬೆಟ್ಟದಂತಿದ್ದ ಸಾಲ ಹಾಳೆಯ ಮೇಲೆ ಹನ್ನೊಂದು ಸಾಲಾಯಿತು. ಇದಕ್ಕೆ ಆ್ಯಪ್ ಬೇಡ, ಮಕ್ಕಳ ಹಳೇ ನೋಟ್‌ಬುಕ್ ಸಾಕು.

ಆದರೆ ಹುಷಾರಾಗಿರಬೇಕಾದ್ದೂ ಇದೆ. ನಿಮ್ಮ ದುಃಖವೂ ಈಗ ಮಾರಾಟದ ಸರಕು. ಬೆಟರ್‌ಹೆಲ್ಪ್ ಎಂಬ ಅಮೆರಿಕದ ಕಂಪನಿ ಫೋನು, ಕಂಪ್ಯೂಟರಿನ ಮೂಲಕ ಮನಸ್ಸಿನ ಸಲಹೆ ಕೊಡುತ್ತದೆ. ಗಿರಾಕಿಗಳ ಗುಟ್ಟಿನ ವಿವರವನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮೊದಲಾದವರಿಗೆ ಕೊಟ್ಟಿತೆಂದು ಅಲ್ಲಿಯ ಸರ್ಕಾರಿ ಆಯೋಗ 2023ರಲ್ಲಿ ಅದರಿಂದ 78 ಲಕ್ಷ ಡಾಲರ್ ಕಕ್ಕಿಸಿತು. ವೋಬಾಟ್ ಎಂಬ ಇನ್ನೊಂದು ಆ್ಯಪ್ 2025ರ ಜೂನ್ 30ರಂದು ಬಾಗಿಲು ಹಾಕಿತು. ಅದನ್ನೇ ನಂಬಿಕೊಂಡವರು ಮಾರನೆಯ ದಿನ ಯಾರ ಹತ್ತಿರ ಮಾತಾಡಬೇಕು? ಸಾಲದ ಆ್ಯಪುಗಳು ನಮ್ಮ ಫೋನಿನ ನಂಬರುಗಳನ್ನೆಲ್ಲ ದೋಚಿ, ಬೀಗರಿಗೆ ಫೋನ್ ಮಾಡಿ ಮಾನ ಕಳೆದದ್ದನ್ನು ನೀವೇ ಕಂಡಿದ್ದೀರಿ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದ್ದರಿಂದ ಶಾಂತಿ ಕೊಡುತ್ತೇನೆ ಎನ್ನುವ ಆ್ಯಪ್ ನಿಮ್ಮ ಫೋನಿನ ನಂಬರ್ ಪಟ್ಟಿ ಕೇಳಿದರೆ ಆಗಲೇ ತೆಗೆದುಹಾಕಿ. ಉಸಿರಾಟ ಕಲಿಸಲು ನಿಮ್ಮ ಭಾವಮೈದನ ನಂಬರ್ ಯಾಕೆ ಬೇಕು?

ಇನ್ನು ಮುಖ್ಯ ಮಾತು. ಬರೆದುಕೊಳ್ಳಿ: 14416. ಇದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. 2024ರಿಂದ ಇದಕ್ಕೂ ಆ್ಯಪ್ ಇದೆ. ಆದರೆ ಸಾದಾ ಬಟನ್ ಫೋನಿನಿಂದಲೂ ಮಾತಾಡಬಹುದು.

ಒಂದು ರಾತ್ರಿ ನಾನೇ ಆ ನಂಬರಿಗೆ ಫೋನ್ ಹಚ್ಚಿದೆ. ಕನ್ನಡದಲ್ಲೇ ಮಾತಾಡಿದರು. ಆ ಹೆಣ್ಣುಮಗಳು ಸುತ್ತು ಬಳಸದೆ ಕೇಳಿದಳು: "ಸಾಯಬೇಕು ಅಂತ ಅನ್ನಿಸಿದೆಯಾ, ಸರ್?" ಮೂವತ್ತು ವರ್ಷ ಜೊತೆಗಿದ್ದವರು ಯಾರೂ ಕೇಳದ ಮಾತು. ಹೌದು ಅಂದೆ. ಹಾಗೆ ಹೇಳಿದ ಮೇಲೆ ಎದೆ ಹಗುರಾಯಿತು. "ಮನೇಲಿ ಕ್ರಿಮಿನಾಶಕ ಇದೆಯಾ, ಕೀಲಿ ಯಾರ ಹತ್ತಿರ?" ಎಂದಳು. ಬೆಳಿಗ್ಗೆಯೇ ಔಷಧಿಯನ್ನೆಲ್ಲ ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಕೀಲಿಕೈ ಹೆಂಡತಿಗೆ ಕೊಟ್ಟೆ. ಯಾಕೆ ಎಂದೂ ಹೇಳಿದೆ. ಅವಳು ಅತ್ತಳು, ಆಮೇಲೆ ಮುದ್ದೆ ತಿರುವಿ ಬಡಿಸಿದಳು. ಮರುದಿನ ನನ್ನ ಜೊತೆ ಆಸ್ಪತ್ರೆಗೂ ಬಂದಳು.

ಸರ್ಕಾರಕ್ಕೂ ಒಂದು ಮಾತಿದೆ. ಅದರದೇ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಬೇಸಾಯ ನಂಬಿದ 11,290 ಮಂದಿ, ರೈತರೂ ಕೃಷಿ ಕೂಲಿಗಳೂ ಸೇರಿ, ಆತ್ಮಹತ್ಯೆ ಮಾಡಿಕೊಂಡರು. ಅದರಲ್ಲಿ ನಮ್ಮ ರಾಜ್ಯದವರು 2,392. ನಂಬರ್ ಕೊಟ್ಟೆವು, ಆ್ಯಪ್ ಕೊಟ್ಟೆವು ಎಂದು ಕೈ ತೊಳೆದುಕೊಂಡರೆ ಆಗದು. ನಾನು ಹತ್ತು ಸಲ ಉಸಿರು ಬಿಟ್ಟರೆ ಟೊಮೆಟೊ ಬೆಲೆ ಏರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದೆ. ಹಾಗಾದರೆ ನಮ್ಮ ಹೋಬಳಿ ಆಸ್ಪತ್ರೆಯಲ್ಲಿ ಆ ಮಾತ್ರೆ ಯಾಕಿಲ್ಲ? ಕೇಳೋಣ, ಬಿಡದೆ ಕೇಳೋಣ.

ನಮಗೆ ನಾವೇ ಹೇಳಿಕೊಳ್ಳಬೇಕಾದ್ದೂ ಇದೆ. ಬೆಲೆ ಸಿಕ್ಕರೆ ಎಲ್ಲಾ ಸರಿಹೋಗುತ್ತದೆ ಎಂದು ನಾನೂ ಭಾಷಣ ಮಾಡಿದವನೇ. ಅದು ಅರ್ಧ ಸತ್ಯ. ಬೆಲೆ ಬಂದ ವರ್ಷವೂ ಖಿನ್ನತೆ ಬರುತ್ತದೆ, ಸಾಲವಿಲ್ಲದವನಿಗೂ ಬರುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ನಾಚದ ನಾವು ಇದಕ್ಕೆ ಯಾಕೆ ನಾಚಬೇಕು?

ಇವತ್ತು ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಅರಳಿಕಟ್ಟೆಗೆ ಬರುವುದನ್ನು ನಿಲ್ಲಿಸಿದವರು ಯಾರು ನೋಡಿ. ಅವರ ಮನೆಗೆ ಹೋಗಿ ಜಗಲಿ ಮೇಲೆ ಕೂತು "ಹೇಗಿದ್ದೀಯಪ್ಪಾ?" ಎಂದು ಕೇಳಿ. ಚೆನ್ನಾಗಿದ್ದೀನಿ ಅಂದರೂ ಏಳಬೇಡಿ, ಇನ್ನೊಂದು ಸಲ ಕೇಳಿ. ಬೆಲೆಗಾಗಿ ಹೋರಾಡಲು ಮನುಷ್ಯ ಮೊದಲು ಬದುಕಿರಬೇಕು.