ಕೊರಿಯಾಕ್ಕೆ ಅಲ್ಲಿ ಕುರ್ಚಿ ಇರಲಿಲ್ಲ

(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈಗ ನಮ್ಮ ಮನೆಗಳಲ್ಲಿ ಕೊರಿಯಾದ ಧಾರಾವಾಹಿ ನೋಡದವರು ಕಡಿಮೆ. ಮಕ್ಕಳಿಗಂತೂ ಅಲ್ಲಿನ ಹಾಡು, ಊಟ, ಉಡುಪು ಎಲ್ಲವೂ ಗೊತ್ತು. ಆದರೆ ಆ ದೇಶ ಏಕೆ ಎರಡಾಗಿದೆ ಎಂದು ಅವರು ಕೇಳಿದರೆ ನಾವು 1950ರ ಯುದ್ಧದಿಂದ ಉತ್ತರ ಶುರು ಮಾಡುತ್ತೇವೆ. ಕಥೆ ಅದಕ್ಕಿಂತ ತೊಂಬತ್ತು ವರ್ಷ ಹಿಂದಿನದು. ನಾನು ಸಾಫ್ಟ್‌ವೇರ್ ಕೆಲಸದವಳು, ಇತಿಹಾಸ ನನ್ನ ಬಿಡುವಿನ ಓದು. ಆ ಓದಿನಲ್ಲಿ ಮನಸ್ಸಿಗೆ ನಾಟಿದ್ದನ್ನು ಹೇಳುತ್ತೇನೆ.

1860ರಲ್ಲಿ ಚೀನಾ ಅಫೀಮು ಯುದ್ಧದಲ್ಲಿ ಸೋತು ಸೊರಗಿತ್ತು. ಆ ಸಮಯ ನೋಡಿ ರಷ್ಯಾ ಪೀಕಿಂಗ್ ಒಪ್ಪಂದದ ಮೂಲಕ ಉಸ್ಸುರಿ ನದಿಯ ಪೂರ್ವದ ಭೂಮಿಯನ್ನು ಪಡೆದುಕೊಂಡಿತು. ಒಂದು ಸಹಿಯಿಂದ ರಷ್ಯಾ ಮತ್ತು ಕೊರಿಯಾ ನೆರೆಹೊರೆಯಾದವು. ನಡುವೆ ತುಮೆನ್ ನದಿ ಮಾತ್ರ. ಅದೇ ವರ್ಷ ರಷ್ಯನ್ನರು ಅಲ್ಲಿ ಕಟ್ಟಿದ ಬಂದರಿಗೆ ವ್ಲಾಡಿವೊಸ್ಟಾಕ್ ಎಂದು ಹೆಸರಿಟ್ಟರು. ‘ಪೂರ್ವವನ್ನು ಆಳು’ ಎಂದು ಅದರ ಅರ್ಥ. ಆದರೆ ಚಳಿಗಾಲದಲ್ಲಿ ಅಲ್ಲಿನ ನೀರು ಹೆಪ್ಪುಗಟ್ಟುತ್ತಿತ್ತು. ವರ್ಷವಿಡೀ ಹಡಗು ಓಡಾಡುವ ಬಂದರು ಬೇಕು ಎಂಬ ಆಸೆ ರಷ್ಯಾವನ್ನು ದಕ್ಷಿಣಕ್ಕೆ ಎಳೆಯಿತು. 1891ರಲ್ಲಿ ಸೈಬೀರಿಯಾ ದಾಟುವ ರೈಲು ಮಾರ್ಗದ ಕೆಲಸವೂ ಶುರುವಾಯಿತು.

ಇದನ್ನು ಕಂಡು ಉಳಿದವರು ಸುಮ್ಮನಿರಲಿಲ್ಲ. ರಷ್ಯನ್ನರು ಬಂದಾರೆಂದು 1885ರಲ್ಲೇ ಬ್ರಿಟಿಷರು ಕೊರಿಯಾದ ದಕ್ಷಿಣದ ಗೊಮುಂದೊ ದ್ವೀಪಗಳಲ್ಲಿ ಸುಮಾರು ಎರಡು ವರ್ಷ ಠಿಕಾಣಿ ಹೂಡಿದರು. ಮನೆಯವರನ್ನು ಕೇಳಲೇ ಇಲ್ಲ. 1895ರಲ್ಲಿ ಜಪಾನ್ ಚೀನಾವನ್ನು ಸೋಲಿಸಿ ಲಿಯಾವೊಡಾಂಗ್ ಪರ್ಯಾಯ ದ್ವೀಪವನ್ನು ಪಡೆಯಿತು. ರಷ್ಯಾ, ಜರ್ಮನಿ, ಫ್ರಾನ್ಸ್ ಮೂರೂ ಸೇರಿ ಅದನ್ನು ವಾಪಸ್ ಕೊಡಿಸಿದವು. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಜಾಗದ ಪೋರ್ಟ್ ಆರ್ಥರ್ ಬಂದರನ್ನು ರಷ್ಯಾ ತಾನೇ ಗುತ್ತಿಗೆಗೆ ಪಡೆಯಿತು. ಜಪಾನಿಗೆ ಎಷ್ಟು ಉರಿದಿರಬೇಕು, ಊಹಿಸಿ.

ಈ ನಡುವೆ ಅರಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ರಾಣಿ ಮಿನ್. ಜಪಾನನ್ನು ತಡೆಯಬಲ್ಲ ಶಕ್ತಿ ರಷ್ಯಾ ಎಂದು ಲೆಕ್ಕ ಹಾಕಿದಳು. 1895ರ ಅಕ್ಟೋಬರ್ 8ರ ಬೆಳಗಿನ ಜಾವ ಜಪಾನಿ ಹಂತಕರು ಅರಮನೆಗೆ ನುಗ್ಗಿ ಅವಳನ್ನು ಕೊಂದರು. ಸಂಚಿನ ಹಿಂದಿದ್ದವನು ಜಪಾನಿನ ರಾಯಭಾರಿ ಮಿಯುರಾ ಗೊರೊ. ಹಿರೋಶಿಮಾದಲ್ಲಿ ವಿಚಾರಣೆ ನಡೆದು, ಸಾಕ್ಷ್ಯ ಸಾಲದೆಂದು ಅವನನ್ನೂ ಸಂಗಡಿಗರನ್ನೂ ಬಿಟ್ಟುಬಿಟ್ಟರು.

ನಾಲ್ಕು ತಿಂಗಳ ನಂತರ, 1896ರ ಫೆಬ್ರವರಿಯಲ್ಲಿ, ರಾಜ ಗೋಜಾಂಗ್ ಅರಮನೆಯ ಹೆಂಗಸರ ಪಲ್ಲಕ್ಕಿಯಲ್ಲಿ ಅಡಗಿ ಕುಳಿತು ರಷ್ಯಾದ ರಾಯಭಾರ ಕಚೇರಿಗೆ ತಪ್ಪಿಸಿಕೊಂಡು ಹೋದ. ಒಂದು ವರ್ಷ ಅಲ್ಲಿಂದಲೇ ರಾಜ್ಯಭಾರ. ಆಶ್ರಯವೇನೋ ಸಿಕ್ಕಿತು, ಆದರೆ ಅದಕ್ಕೂ ಬಾಡಿಗೆ ಇತ್ತು. ಯಾಲು ಮತ್ತು ತುಮೆನ್ ನದಿಗಳ ಕಡೆಯ ಕಾಡಿನ ಮರ ಕಡಿಯುವ ಹಕ್ಕು ಆ ವರ್ಷವೇ ವ್ಲಾಡಿವೊಸ್ಟಾಕ್‌ನ ವ್ಯಾಪಾರಿ ಬ್ರೈನರ್ ಪಾಲಾಯಿತು. ಹಾಲಿವುಡ್ ನಟ ಯೂಲ್ ಬ್ರಿನ್ನರ್ ಇದೇ ವ್ಯಾಪಾರಿಯ ಮೊಮ್ಮಗ. ಮುಂದೆ ಆ ಹಕ್ಕು ತ್ಸಾರ್ ದೊರೆಯ ಆಪ್ತರ ಕೈ ಸೇರಿ, ಯುದ್ಧಕ್ಕೆ ಒಂದು ಕಾರಣವೂ ಆಯಿತು.

1903ರಲ್ಲಿ ರಷ್ಯಾ ಮತ್ತು ಜಪಾನ್ ಮಾತುಕತೆಗೆ ಕುಳಿತವು. ಮಂಚೂರಿಯಾ ನಿಮಗಿರಲಿ, ಕೊರಿಯಾ ನಮಗಿರಲಿ ಎಂಬುದು ಜಪಾನಿನ ವಾದದ ಸಾರ. ಕೊರಿಯಾದಲ್ಲಿ 39ನೇ ಅಕ್ಷಾಂಶದ ಉತ್ತರಕ್ಕೆ ಯಾರ ಸೇನೆಯೂ ಬೇಡ ಎಂದಿತು ರಷ್ಯಾ. ಕೊರಿಯಾದ ಮೇಲೆ ಗೆರೆ ಎಳೆಯುವ ಮಾತು ಆಗಲೇ ಬಂದಿತ್ತು, ನೋಡಿ. 1904ರ ಜನವರಿಯಲ್ಲಿ ಕೊರಿಯಾ ತಾನು ತಟಸ್ಥ ಎಂದು ಸಾರಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫೆಬ್ರವರಿಯಲ್ಲಿ ಜಪಾನಿನ ಸೈನ್ಯ ಇಂಚಾನ್‌ನಲ್ಲಿ ಇಳಿದು ಸೋಲ್ ನಗರಕ್ಕೆ ನಡೆಯಿತು.

ರಷ್ಯಾ ಸೋತಿತು. 1905ರ ಸೆಪ್ಟೆಂಬರ್ 5ರಂದು ಅಮೆರಿಕದ ಪೋರ್ಟ್ಸ್‌ಮತ್‌ನಲ್ಲಿ ಸಂಧಿ. ಕೊರಿಯಾದಲ್ಲಿ ಜಪಾನಿನದೇ ಮೇಲುಗೈ ಎಂದು ರಷ್ಯಾ ಒಪ್ಪಿತು. ಆ ಮೇಜಿನ ಸುತ್ತ ಕೊರಿಯಾಕ್ಕೆ ಒಂದು ಕುರ್ಚಿಯೂ ಇರಲಿಲ್ಲ. ಸಂಧಿ ಮಾಡಿಸಿದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಎರಡೇ ತಿಂಗಳಲ್ಲಿ ಕೊರಿಯಾ ಜಪಾನಿನ ರಕ್ಷಿತ ರಾಜ್ಯ, 1910ರಲ್ಲಿ ಪೂರ್ತಿ ವಶ.

ಇಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ. ಏಷ್ಯಾದ ದೇಶವೊಂದು ಯುರೋಪಿನ ದೈತ್ಯನನ್ನು ಸೋಲಿಸಿತೆಂದು ಭಾರತದಲ್ಲಿ ಅನೇಕರು ಹಿಗ್ಗಿದ್ದರು. ಬಾಲಕ ನೆಹರೂ ಕೂಡ ಅವರಲ್ಲೊಬ್ಬರು. ಆದರೆ ಅದೇ ವರ್ಷ ಆಗಸ್ಟ್ 12ರಂದು ಬ್ರಿಟನ್ ಮತ್ತು ಜಪಾನ್ ತಮ್ಮ ಒಪ್ಪಂದವನ್ನು ಹೊಸದಾಗಿ ಬರೆದುಕೊಂಡಿದ್ದವು. ಮೂರನೇ ಕಲಮಿನಲ್ಲಿ ಕೊರಿಯಾದ ಮೇಲೆ ಜಪಾನಿನ ಹಕ್ಕಿಗೆ ಬ್ರಿಟನ್ ಒಪ್ಪಿಗೆ. ನಾಲ್ಕನೇ ಕಲಮಿನಲ್ಲಿ ಭಾರತದ ಗಡಿಯ ರಕ್ಷಣೆಗೆ ಬ್ರಿಟನ್ ಕೈಗೊಳ್ಳುವ ಕ್ರಮಗಳಿಗೆ ಜಪಾನಿನ ಒಪ್ಪಿಗೆ. ಒಂದೇ ಕಾಗದದಲ್ಲಿ ಎರಡು ದೇಶಗಳ ಲೆಕ್ಕ. ಕೊರಿಯಾವನ್ನೂ ಕೇಳಲಿಲ್ಲ, ನಮ್ಮನ್ನೂ ಕೇಳಲಿಲ್ಲ.

1907ರಲ್ಲಿ ಗೋಜಾಂಗ್ ಮೂವರು ದೂತರನ್ನು ಗುಟ್ಟಾಗಿ ಹೇಗ್ ಶಾಂತಿ ಸಮ್ಮೇಳನಕ್ಕೆ ಕಳಿಸಿದ. ಅಧ್ಯಕ್ಷ ಪೀಠದಲ್ಲಿದ್ದದ್ದು ರಷ್ಯಾದ ಪ್ರತಿನಿಧಿಯೇ. ಒಂದು ಕಾಲದಲ್ಲಿ ರಾಜನಿಗೆ ಬಾಗಿಲು ತೆರೆದಿದ್ದ ದೇಶ! ಆದರೂ ದೂತರಿಗೆ ಒಳಗೆ ಜಾಗ ಸಿಗಲಿಲ್ಲ. ಅವರಲ್ಲೊಬ್ಬ, ಯಿ ಜುನ್, ಅಲ್ಲೇ ತೀರಿಕೊಂಡ. ರಾಜ ಸಿಂಹಾಸನ ಬಿಡಬೇಕಾಯಿತು. 1945ರಲ್ಲಿ ಜಪಾನ್ ಸೋತಾಗ ಇಬ್ಬರು ಅಮೆರಿಕನ್ ಸೇನಾಧಿಕಾರಿಗಳು ನಕ್ಷೆ ನೋಡಿ 38ನೇ ಅಕ್ಷಾಂಶವನ್ನು ಆರಿಸಿದರು, ಸೋವಿಯತ್ ಒಕ್ಕೂಟ ಒಪ್ಪಿತು. ಆಗಲೂ ಕೊರಿಯನ್ನರನ್ನು ಯಾರೂ ಕೇಳಲಿಲ್ಲ.

ಗೋಜಾಂಗ್ ದುರ್ಬಲ, ಅದಕ್ಕೇ ಹೀಗಾಯಿತು ಎನ್ನುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಪತ್ನಿಯನ್ನು ಕೊಂದವರ ಕಾವಲಿನಲ್ಲಿದ್ದವನಿಗೆ ಬೇರೆ ಯಾವ ಬಾಗಿಲು ಇತ್ತು? ಆದರೆ ನಮಗೆ ನೆರಳು ಕೊಟ್ಟವರು ನಮ್ಮ ಪರವಾಗಿ ಮಾತಾಡುತ್ತಾರೆ ಎಂಬ ಭರವಸೆ ಇಲ್ಲ. ಅವರು ತಮ್ಮ ಪರವಾಗಿಯೇ ಮಾತಾಡುತ್ತಾರೆ. ನಮ್ಮನ್ನು ಕರೆಯದ ಮೀಟಿಂಗ್‌ನಲ್ಲಿ ನಮ್ಮ ಕೆಲಸದ ತೀರ್ಮಾನವಾಗಿ, ನಮಗೆ ಬರೀ ಮೇಲ್ ಬರುವುದನ್ನು ಆಫೀಸಿನಲ್ಲಿ ಕಂಡಿದ್ದೇವೆ. ನಮ್ಮ ಅಜ್ಜಿಯರ ಕಾಲದಲ್ಲಿ ಮದುವೆಯ ಮಾತುಕತೆಯೂ ಹಾಗೇ ನಡೆಯುತ್ತಿತ್ತು.

ಇನ್ನು ಮುಂದೆ ಟಿವಿಯಲ್ಲಿ ಯಾವುದೋ ದೇಶದ ಭವಿಷ್ಯಕ್ಕಾಗಿ ದೊಡ್ಡವರು ಸಭೆ ಸೇರಿದ ಸುದ್ದಿ ಬಂದರೆ, ಪಕ್ಕದಲ್ಲಿ ಕುಳಿತ ಮಗನಿಗೋ ಮಗಳಿಗೋ ಒಂದು ಪ್ರಶ್ನೆ ಕೇಳಿ: ಆ ದೇಶದವರು ಅಲ್ಲಿ ಕುಳಿತಿದ್ದಾರಾ? ಉತ್ತರ ಹುಡುಕಲು ಅವರು ನಕ್ಷೆ ತೆರೆದರೆ ನನ್ನ ಇವತ್ತಿನ ಮಾತು ಸಾರ್ಥಕ.