ನೀವಿಸಿಕೊಂಡ ಮೇಲೆ

ಕೋಳಿ ಹಸನು ಮಾಡಿದವರೆಲ್ಲ ಇದನ್ನು ಕಂಡಿರುತ್ತೀರಿ. ಚರ್ಮ ಸುಲಿಯುವಾಗ ಅದಕ್ಕೂ ಮಾಂಸಕ್ಕೂ ನಡುವೆ ತೆಳ್ಳಗಿನ ಬಿಳಿ ಪೊರೆಯೊಂದು ಎದ್ದು ಬರುತ್ತದೆ. ನಾವು ಅದನ್ನು ಕಿತ್ತು ಬೆಕ್ಕಿಗೆ ಎಸೆಯುತ್ತೇವೆ. ನಮ್ಮ ಮೈಯೊಳಗೂ ಅಂಥದೇ ಪೊರೆ ಇದೆ. ಪ್ರತಿ ಮಾಂಸಖಂಡವನ್ನೂ ಸುತ್ತಿಕೊಂಡು, ಒಂದನ್ನು ಇನ್ನೊಂದಕ್ಕೆ ಹೊಂದಿಸಿ ಅಂಗಾಲಿನಿಂದ ನೆತ್ತಿಯವರೆಗೆ ಹಬ್ಬಿದೆ. ಕೆಲವೆಡೆ ಬೆಳಕು ಹಾಯುವಷ್ಟು ತೆಳು. ಅಂಗಾಲು, ತೊಡೆಯ ಹೊರಬದಿಗಳಲ್ಲಿ ಗಟ್ಟಿ ಪಟ್ಟಿ. ವೈದ್ಯರು ಇದನ್ನು ಫ್ಯಾಸಿಯಾ ಎನ್ನುತ್ತಾರೆ. ಬಹುಕಾಲ ಅವರೂ ಅದನ್ನು ಬೆಕ್ಕಿನ ಪಾಲು ಎಂದೇ ಎಣಿಸಿದ್ದರೆನ್ನಬೇಕು: ಶವ ಕೊಯ್ಯುವಾಗ ಪೊರೆ ಸರಿಸಿ, ಒಳಗಿನದನ್ನು ನೋಡುತ್ತಿದ್ದರು. ಫ್ಯಾಸಿಯಾಕ್ಕೆಂದೇ ಮೊದಲ ಅಂತರರಾಷ್ಟ್ರೀಯ ಸಂಶೋಧನಾ ಸಮ್ಮೇಳನ ಬಾಸ್ಟನ್ನಿನಲ್ಲಿ ನಡೆದದ್ದು 2007ರಲ್ಲಿ.

ಸುರತ್ಕಲ್ಲಿನಲ್ಲಿ ಕೂತು ಈ ಮಾತು ಯಾಕೆ? ತಡ್ಪೆ ಎಂಬ ಮೊರವನ್ನು ತೊಡೆಯ ಮೇಲಿಟ್ಟು, ಕತ್ತು ಬಗ್ಗಿಸಿ ಗಂಟೆಗಟ್ಟಲೆ ಬೀಡಿ ಕಟ್ಟುವ ಹೆಂಗಸರು ಇಲ್ಲಿದ್ದಾರೆ. ಪಣಂಬೂರು ಬಂದರಿಗೆ ಲಾರಿ ಓಡಿಸುವವರಿದ್ದಾರೆ. ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಗ್ಗಿ ಕೂತ ಹುಡುಗರಿದ್ದಾರೆ. ಕೆಲಸ ಬೇರೆ ಬೇರೆಯಾದರೂ ದೂರು ಒಂದೇ: ಕತ್ತು ತಿರುಗುವುದಿಲ್ಲ, ಕೈ ಮೇಲೇಳುವುದಿಲ್ಲ, ಎದ್ದ ಕೂಡಲೇ ಸೊಂಟ ನೆಟ್ಟಗಾಗುವುದಿಲ್ಲ. ಎಕ್ಸ್‌ರೇ ತೆಗೆದರೆ ಎಷ್ಟೋ ಸಲ ಮೂಳೆ ಸರಿಯಾಗಿಯೇ ಇರುತ್ತದೆ. ಆಗ ಯಾರೋ ಹೇಳುತ್ತಾರೆ, ಒಮ್ಮೆ ನೀವಿಸಿಕೊಂಡು ಬಾ ಮಾರಾಯ ಎಂದು. ಹಿಂದೆ ಉಳುಕು ತೆಗೆಯುವವರ ಮನೆಗೆ ಹೋಗುತ್ತಿದ್ದರು. ಈಗ ಫಿಸಿಯೋಥೆರಪಿ ಕೇಂದ್ರಗಳಿವೆ, ಅಲ್ಲಿ ಇದಕ್ಕೆ ಮಯೋಫ್ಯಾಸಿಯಲ್ ರಿಲೀಸ್ ಎಂಬ ದೊಡ್ಡ ಹೆಸರಿದೆ.

ಒಳಗೆ ಏನಾಗುತ್ತದೆ? ಪೊರೆಯ ಪದರಗಳ ನಡುವೆ ಹಯಲುರೊನಾನ್ ಎಂಬ ಜಾರುವ ದ್ರವ್ಯವಿದೆ. ಕೈಕಾಲು ಆಡುತ್ತಿದ್ದರೆ ಪದರಗಳು ಸಲೀಸಾಗಿ ಜಾರುತ್ತವೆ. ಆಟ ನಿಂತರೆ ಈ ದ್ರವ್ಯ ಮಂದವಾಗುತ್ತದೆ ಎಂಬುದು ಇಟಲಿಯ ಪಾದುವಾ ವಿಶ್ವವಿದ್ಯಾಲಯದ ಕಾರ್ಲಾ ಸ್ಟೆಕ್ಕೊ ಮತ್ತು ಸಂಗಡಿಗರ ವಾದ. 2011ರಲ್ಲಿ ಅಮೆರಿಕದ ಹೆಲೀನ್ ಲ್ಯಾಂಜೆವಿನ್ ತಂಡ ಅಲ್ಟ್ರಾಸೌಂಡಿನಲ್ಲಿ ಸೊಂಟದ ಪೊರೆಯನ್ನು ನೋಡಿತು. ಬಹುದಿನದ ಸೊಂಟನೋವು ಇದ್ದವರಲ್ಲಿ ಪದರಗಳ ಜಾರಾಟ ನೋವಿಲ್ಲದವರಿಗಿಂತ ಶೇಕಡಾ 20ರಷ್ಟು ಕಡಿಮೆಯಿತ್ತು. ಜಾರದೆ ನೋವು ಬಂತೋ, ನೋವಿಗೆ ಹೆದರಿ ಆಡದೆ ಜಾರಾಟ ನಿಂತಿತೋ, ಅದನ್ನು ಆ ಚಿತ್ರ ಹೇಳುವುದಿಲ್ಲ.

ಇಲ್ಲಿ ಒಂದು ಭ್ರಮೆ ಬಿಡಬೇಕು. "ಗಂಟು ಒಡೆದೆ, ಪೊರೆ ಹಿಗ್ಗಿಸಿದೆ" ಎಂದು ಮೊಣಕೈ ಊರಿ ಒತ್ತುವವರು ಹೇಳುವುದುಂಟು. 2008ರಲ್ಲಿ ಕೆಲವು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು: ಅಂಗಾಲಿನ ಪಟ್ಟಿಯನ್ನು ಶೇಕಡಾ 1ರಷ್ಟು ಅದುಮಲು ಎಂಟು ನೂರು ಕಿಲೋಗೂ ಹೆಚ್ಚಿನ ಭಾರ ಬೇಕು. ಅಷ್ಟು ಬಲ ಯಾವ ಮನುಷ್ಯನ ಕೈಯಲ್ಲಿದೆ? ಆದರೂ ನೀವಿದ ಮೇಲೆ ಕೈ ಮೇಲೇಳುವುದು ಸುಳ್ಳಲ್ಲ. ಪೊರೆಯ ತುಂಬ ನರಗಳ ತುದಿಗಳಿವೆ. ನಿಧಾನವಾದ, ಹಿಡಿದು ನಿಲ್ಲಿಸಿದ ಒತ್ತು ಅವುಗಳ ಮೂಲಕ ಮಿದುಳನ್ನು ತಲುಪುತ್ತದೆ. ಮಿದುಳು ಬಿಗಿ ಸಡಿಲಿಸುತ್ತದೆ, ನೋವಿನ ಸದ್ದು ಇಳಿಸುತ್ತದೆ. ಹೆಚ್ಚಿನ ಕೆಲಸ ನಡೆಯುವುದು ನರಗಳ ಮಟ್ಟದಲ್ಲಿ ಎಂಬುದೇ ಈಗ ಬಲವಾದ ಅಭಿಪ್ರಾಯ. ಹಾಗಾಗಿ ಹೆಚ್ಚು ನೋಯಿಸಿದವನೇ ಹೆಚ್ಚು ಬಲ್ಲವನು ಎಂಬ ಲೆಕ್ಕ ತಪ್ಪು. ಹಲ್ಲು ಕಚ್ಚಿ ಉಸಿರು ಹಿಡಿದರೆ ಮೈ ಇನ್ನಷ್ಟು ಬಿಗಿಯುತ್ತದೆ.

ಒಳ್ಳೆಯ ಕೈ ಮೊದಲು ಮುಟ್ಟುವುದಿಲ್ಲ, ನೋಡುತ್ತದೆ. ಕೈಯೆತ್ತಿ, ಕುಕ್ಕರುಗಾಲಲ್ಲಿ ಕೂರಿ, ಕತ್ತು ತಿರುಗಿಸಿ ಎನ್ನುತ್ತದೆ. ಬಿಗಿ ಕಂಡಲ್ಲಿ ಬೆರಳಿಟ್ಟು ಒಂದೆರಡು ನಿಮಿಷ ಕಾಯುತ್ತದೆ. ಒತ್ತು ಹಿಡಿದಿರುವಾಗಲೇ ರೋಗಿಯಿಂದ ಆ ಭಾಗವನ್ನು ಆಡಿಸುತ್ತದೆ. ಮತ್ತೆ ಕೈಯೆತ್ತಿಸಿ, ಮೊದಲಿಗಿಂತ ಎಷ್ಟು ಎದ್ದಿತೆಂದು ನೋಡುತ್ತದೆ. ಸಿಕ್ಕ ಸಡಿಲ ಬಹುಕಾಲ ಉಳಿಯುವುದಿಲ್ಲ, ಕೆಲವೊಮ್ಮೆ ನಿಮಿಷಗಳು, ಕೆಲವೊಮ್ಮೆ ಒಂದೆರಡು ದಿನ. ಆ ಹೊತ್ತಿನಲ್ಲಿ ಆಡಿಸಿದರೆ, ಮೆಲ್ಲಗೆ ಭಾರ ಕೊಟ್ಟು ಬಲ ತುಂಬಿಸಿದರೆ ಮಾತ್ರ ಅದು ನಮ್ಮದಾಗುತ್ತದೆ. ನೀವಿಸಿಕೊಂಡು ಬಂದು ಮತ್ತೆ ಅದೇ ಮಣೆಯ ಮೇಲೆ ಅದೇ ಭಂಗಿಯಲ್ಲಿ ಕೂತರೆ ದುಡ್ಡು ಹೋಯಿತು, ಅಷ್ಟೆ.

ಇದು ಹೊಸ ಬುದ್ಧಿಯೇನೂ ಅಲ್ಲ. ಗಡಿ ದಾಟಿ ಕೇರಳಕ್ಕೆ ಹೋದರೆ, ಕಥಕಳಿ ಕಲಿಯುವ ಹುಡುಗರಿಗೆ ಮಳೆಗಾಲದಲ್ಲಿ ಗುರುಗಳು ಎಣ್ಣೆ ಹಚ್ಚಿ, ಕಾಲಿನಿಂದ ತುಳಿದು ನೀವುತ್ತಾರೆ. ಉಳಿಚಿಲ್ ಎನ್ನುತ್ತಾರೆ ಇದಕ್ಕೆ. ಆದರೆ ಅದು ಬರಿಯ ನೀವಿಕೆಯಲ್ಲ. ಬೆಳಗಿನ ಜಾವದ ಕಠಿಣ ಅಂಗಸಾಧನೆಯ ಜೊತೆಗೇ ನಡೆಯುತ್ತದೆ. ನಮ್ಮ ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಮಳೆಗಾಲಕ್ಕೆ ಮುಂಚೆ, ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ತಿಂಗಳುಗಟ್ಟಲೆ ಧೀಂಗಿಣ ಹಾಕಿ ಕುಣಿದ ಮಂಡಿಗಳಿಗೆ ಆ ಮಳೆಗಾಲದಲ್ಲಿ ಇಂಥದೊಂದು ಆರೈಕೆ ಕ್ರಮವಾಗಿ ದೊರೆತರೆ ಎಷ್ಟು ಚೆನ್ನ ಎಂದು ನನಗೆ ಅನ್ನಿಸುವುದುಂಟು.

ಬೀಡಿ ಕಟ್ಟುವ ಅಕ್ಕಂದಿರಿಗೆ ಒಂದು ಮಾತು. ಅರ್ಧ ಗಂಟೆಗೊಮ್ಮೆ ತಡ್ಪೆ ಕೆಳಗಿಟ್ಟು ಎದ್ದು, ಎರಡೂ ಕೈ ಮೇಲೆತ್ತಿ, ಭುಜ ಹಿಂದಕ್ಕೆ ತಿರುಗಿಸಿ, ಅಂಗಳಕ್ಕೊಂದು ಸುತ್ತು ಬನ್ನಿ. ಬೆಳಗ್ಗೆ ನೆಲಕ್ಕೆ ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚುವವರು, ಹಾಸಿಗೆಯಲ್ಲೇ ಕೂತು ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹಿಡಿದು, ಆಮೇಲೆ ಇಳಿಯಿರಿ.

ಯಾವಾಗ ನೀವಿಸಿಕೊಳ್ಳಬಾರದು? ಮೀನಖಂಡ ಒಂದೇ ಕಾಲಿನಲ್ಲಿ ಊದಿ, ಬಿಸಿಯಾಗಿ, ಕೆಂಪಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಮುಟ್ಟಿಸಬೇಡಿ. ಮಳೆಯಲ್ಲಿ ಬೈಕು ಜಾರಿ ಬಿದ್ದು ಮೊಣಕೈ ಊದಿದ್ದರೆ ಉಳುಕೆಂದು ತಿಕ್ಕಿಸುವ ಮೊದಲು ಎಕ್ಸ್‌ರೇ ತೆಗೆಸಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮೊದಲೇ ತಿಳಿಸಿ. ಸೊಂಟನೋವಿನ ಜೊತೆ ಕಾಲಿನ ಬಲ ಕುಸಿದರೆ, ಮೂತ್ರದ ಹಿಡಿತ ತಪ್ಪಿದರೆ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ.